ವಾದದಲ್ಲಿ ಲ್ಯಾಟಿನ್ ಪದಗಳು: ತಾಳಮದ್ದಳೆ ಕೇಳಿ ಬೆಳೆದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಬಂತೆಂದರೆ ನಮ್ಮ ಕಡೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ತಾಳಮದ್ದಳೆ ಕೂಟಗಳು ಶುರುವಾಗುತ್ತವೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಹೊರಗೆ ಮಳೆ, ಒಳಗೆ ವಾದ. ನಾನು ವಾದ ಮಾಡುವುದನ್ನು ಕಲಿತದ್ದು ಅಲ್ಲಿ, ಚಾಪೆಯ ಮೇಲೆ ಕೂತು.

ಲ್ಯಾಟಿನ್ ಪದಗಳು ಸಿಕ್ಕಿದ್ದು ಆಮೇಲೆ, ಕಾಲೇಜಿನಲ್ಲಿ. ಆಡ್ ಹಾಮಿನೆಮ್, ನಾನ್ ಸೆಕ್ವಿಟರ್, ಪೋಸ್ಟ್ ಹಾಕ್. ಈಗ ಉಡುಪಿ, ಮಂಗಳೂರಿನ ಹುಡುಗ ಹುಡುಗಿಯರಿಗೆ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುವಾಗ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಪದ ಎಲ್ಲರಿಗೂ ಗೊತ್ತು. ಆದರೆ ಎದುರಿನವರ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬಹಳ ಮಂದಿಗೆ ಬರುವುದಿಲ್ಲ. ಲ್ಯಾಟಿನ್ ಪದ ಒಂದು ತಪ್ಪಿನ ಹೆಸರು, ಅಷ್ಟೇ. ತಪ್ಪನ್ನು ಕನ್ನಡದಲ್ಲಿ ಹೇಳಲು ಬಂದ ಮೇಲೆ ಹೆಸರು ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎಲ್ಲ ಕಡೆ ಕೆಲಸ ಮೊದಲು, ಹೆಸರು ಆಮೇಲೆ.

ಮೊದಲು ಉಚ್ಚಾರ

ಇದಕ್ಕೆ ಜಾಸ್ತಿ ಹೆದರಬೇಡಿ. ಒಂದೇ ಪದವನ್ನು ಮೂರು ರೀತಿಯಲ್ಲಿ ಹೇಳುವವರಿದ್ದಾರೆ. ‘ಮೇಲ್ನೋಟಕ್ಕೆ’ ಎನ್ನಲು ಕೋರ್ಟಿನಲ್ಲಿ ವಕೀಲರು ಇಂಗ್ಲಿಷ್ ರೀತಿಯಲ್ಲಿ ‘ಪ್ರೈಮಾ ಫೇಸಿ’ ಎನ್ನುತ್ತಾರೆ. ಹಳೆಯ ರೋಮಿನ ಉಚ್ಚಾರ ಹೆಚ್ಚು ಕಡಿಮೆ ‘ಪ್ರೀಮಾ ಫಾಕಿಯೆ’. ಚರ್ಚಿನ ಲ್ಯಾಟಿನ್ ಇಟಲಿಯ ದಾರಿ ಹಿಡಿದಿದೆ, ಅಲ್ಲಿ ‘ಪ್ರೀಮಾ ಫಾಚಿಯೆ’. ಮಂಗಳೂರಿಗೆ ಈ ಮೂರನೆಯದು ಹೊಸದಲ್ಲ. 1878ರ ಕೊನೆಗೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಇಲ್ಲಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಇಲ್ಲಿನ ಇಗರ್ಜಿಗಳಲ್ಲಿ 1960ರ ದಶಕದವರೆಗೂ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲೇ. ವಯಸ್ಸಾದ ಕೊಂಕಣಿ ಕ್ರೈಸ್ತರ ಬಾಯಲ್ಲಿ ಆ ಸಾಲುಗಳು ಇವತ್ತಿಗೂ ಉಳಿದಿವೆ. ಮೂರರಲ್ಲಿ ಯಾವುದನ್ನು ಬೇಕಾದರೂ ಹಿಡಿಯಿರಿ. ನಾನಿಲ್ಲಿ ಇಂಗ್ಲಿಷ್ ರೂಢಿಯನ್ನೇ ಇಟ್ಟುಕೊಂಡಿದ್ದೇನೆ, ನಮ್ಮ ಕಿವಿಗೆ ಅದೇ ಹೆಚ್ಚು ಬಿದ್ದಿದೆ.

ಹೆಜ್ಜೆ 1: ಮಾತನ್ನು ಬಿಡಿಸಿ ಇಡಿ

ಎದುರಿನವರು ಮಾತಾಡಿದ ಕೂಡಲೇ ಉತ್ತರಕ್ಕೆ ಹೊರಡಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಇವರು ಏನನ್ನು ಸಾಧಿಸಲು ಹೊರಟಿದ್ದಾರೆ? ಅದಕ್ಕೆ ಯಾವ ಕಾರಣ ಕೊಟ್ಟರು? ನಮ್ಮ ಹಳೆಯ ತರ್ಕಪದ್ಧತಿಯಾದ ನ್ಯಾಯಶಾಸ್ತ್ರದಲ್ಲಿ ಮೊದಲನೆಯದಕ್ಕೆ ಪ್ರತಿಜ್ಞೆ, ಎರಡನೆಯದಕ್ಕೆ ಹೇತು ಎನ್ನುತ್ತಾರೆ. ಗುಡ್ಡದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಹೊಗೆ ಕಾಣುತ್ತಿದೆ, ಇದು ಹೇತು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ, ಇದು ಉದಾಹರಣೆ. ಲ್ಯಾಟಿನ್‌ನಲ್ಲಿ ಕಾರಣದಿಂದ ತೀರ್ಮಾನಕ್ಕೆ ದಾಟುವ ಜಾಗದಲ್ಲಿ ‘ಎರ್ಗೊ’ ಬರುತ್ತದೆ. ಎರ್ಗೊ ಎಂದರೆ ‘ಆದ್ದರಿಂದ’. ಎದುರಿನವರ ಮಾತಿನಲ್ಲಿ ಆ ‘ಆದ್ದರಿಂದ’ ಎಲ್ಲಿ ಅಡಗಿದೆ ಎಂದು ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇನ್ನೊಂದನ್ನೂ ನೋಡಿ. ಇದು ಎಂಥ ವಾದ? ಉಡುಪಿಯ ಮಧ್ವಾಚಾರ್ಯರು ‘ಕಥಾಲಕ್ಷಣ’ ಎಂಬ ಪುಟ್ಟ ಗ್ರಂಥವನ್ನೇ ಇದಕ್ಕಾಗಿ ಬರೆದಿದ್ದಾರೆ. ಅದರಲ್ಲಿ ಚರ್ಚೆ ಮೂರು ವಿಧ. ಸತ್ಯ ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ತನ್ನ ಪಕ್ಷವನ್ನು ಮುಂದಿಡದೆ ಎದುರಿನವನದನ್ನು ಮುರಿಯುವುದಷ್ಟೇ ಗುರಿಯಾದರೆ ವಿತಂಡ. ಮುಂದೆ ಹೇಳುವ ಪದಗಳು ಮೂರರಲ್ಲೂ ಬಳಕೆಯಾಗುತ್ತವೆ. ಆದರೆ ಅವು ನಿಮ್ಮ ತಿಳಿವಳಿಕೆ ಹೆಚ್ಚಿಸುವುದು ಮೊದಲನೆಯದರಲ್ಲಿ ಮಾತ್ರ.

ಹೆಜ್ಜೆ 2: ಆಕಾರ ಸರಿ ಇದೆಯೇ ನೋಡಿ

ಹೀಗೆ ಒಂದು ನಿಯಮ ಇದೆ ಎಂದು ಇಟ್ಟುಕೊಳ್ಳಿ: ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುತ್ತಾರೆ.

ಇವತ್ತು ರೆಡ್ ಅಲರ್ಟ್ ಇದೆ. ಆದ್ದರಿಂದ ರಜೆ. ಇದು ಸರಿ. ಈ ಆಕಾರದ ಹೆಸರು ‘ಮೋಡಸ್ ಪೋನೆನ್ಸ್’.

ಇವತ್ತು ರಜೆ ಇಲ್ಲ. ಆದ್ದರಿಂದ ರೆಡ್ ಅಲರ್ಟ್ ಇಲ್ಲ. ಇದೂ ಸರಿ. ಇದು ‘ಮೋಡಸ್ ಟೋಲೆನ್ಸ್’.

ಇವತ್ತು ರಜೆ ಇದೆ. ಆದ್ದರಿಂದ ರೆಡ್ ಅಲರ್ಟ್. ಇಲ್ಲಿ ನಿಲ್ಲಿ. ರಜೆಗೆ ಬೇರೆ ಕಾರಣವೂ ಇರಬಹುದು, ಅಷ್ಟಮಿಯೇ ಇರಬಹುದು. ಇದು ತಪ್ಪು. ಅದೇ ರೀತಿ, ರೆಡ್ ಅಲರ್ಟ್ ಇಲ್ಲ, ಆದ್ದರಿಂದ ರಜೆ ಇಲ್ಲ ಎನ್ನುವುದೂ ತಪ್ಪು.

ಪೋನೆನ್ಸ್ ಎಂದರೆ ‘ಇಡುವುದು’, ಟೋಲೆನ್ಸ್ ಎಂದರೆ ‘ತೆಗೆಯುವುದು’. ‘ಹೀಗಾದರೆ ಹಾಗೆ’ ಎನ್ನುವ ನಿಯಮದ ಮೊದಲ ಭಾಗವನ್ನು ಇಟ್ಟರೆ ಎರಡನೆಯದು ಉಳಿಯುತ್ತದೆ. ಎರಡನೆಯದನ್ನು ತೆಗೆದರೆ ಮೊದಲನೆಯದು ಬೀಳುತ್ತದೆ. ಇಷ್ಟು ನೆನಪಿದ್ದರೆ ಸಾಕು.

ತೀರ್ಮಾನ ಕಾರಣದಿಂದ ಹೊರಡುವುದೇ ಇಲ್ಲ ಎಂದಾದರೆ ಅದಕ್ಕೆ ‘ನಾನ್ ಸೆಕ್ವಿಟರ್’ ಎನ್ನುತ್ತಾರೆ. ‘ಹಿಂಬಾಲಿಸುವುದಿಲ್ಲ’ ಎಂದು ಅರ್ಥ. ಇದು ಬಹಳ ಅಗಲದ ಪದ. ಹೆಚ್ಚಿನ ತಪ್ಪುಗಳು ಇದರೊಳಗೆ ಬರುತ್ತವೆ. ಹಾಗಾಗಿ ಬೇರೆ ಯಾವ ಹೆಸರೂ ಹೊಂದದಿದ್ದಾಗ ಮಾತ್ರ ಬಳಸಿ.

ಹೆಜ್ಜೆ 3: ಉತ್ತರ ಕೇಳಿದ ಪ್ರಶ್ನೆಗೇ ಬಿತ್ತೇ?

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತಿರುವ ಜಾಗ: ವಾಲಿವಧೆ.

ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ನಾನು ನಿನಗೆ ಏನು ಅಪಕಾರ ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮನ ಉತ್ತರದಲ್ಲಿ ಮುಖ್ಯವಾಗಿ ಮೂರು ಎಳೆ. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಅಧರ್ಮವನ್ನು ದಂಡಿಸುವ ಅಧಿಕಾರ ನನಗಿದೆ. ನೀನು ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ. ಮತ್ತೆ ನೀನು ಶಾಖಾಮೃಗ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ಬೇಟೆಯ ಕ್ರಮ.

ಈಗ ಒಬ್ಬ ವಿದ್ಯಾರ್ಥಿ ಎದ್ದು, ‘ರುಮೆಯ ವಿಷಯ ತೆಗೆದದ್ದು ಆಡ್ ಹಾಮಿನೆಮ್’ ಎನ್ನುತ್ತಾನೆ. ಆಡ್ ಹಾಮಿನೆಮ್ ಎಂದರೆ ‘ಮನುಷ್ಯನ ಕಡೆಗೆ’. ಮಾತನ್ನು ಬಿಟ್ಟು ಮಾತಾಡಿದವನ ಮೇಲೆ ಬೀಳುವುದು. ಆದರೆ ಇಲ್ಲಿ ಅದು ಸರಿಯಾ? ವಾಲಿ ಕೇಳಿದ್ದು ಎರಡು ಪ್ರಶ್ನೆ. ‘ನನ್ನ ತಪ್ಪೇನು?’ ಎನ್ನುವುದು ಒಂದು. ಅದಕ್ಕೆ ರುಮೆಯ ವಿಷಯವೇ ಉತ್ತರ. ಅಲ್ಲಿ ಚರ್ಚೆಯಲ್ಲಿರುವುದೇ ವಾಲಿಯ ನಡತೆ. ಆರೋಪಿಯ ತಪ್ಪನ್ನು ಹೇಳದೆ ಶಿಕ್ಷೆಯನ್ನು ಸಮರ್ಥಿಸುವುದು ಹೇಗೆ? ಹಾಗಾಗಿ ಇದು ಆಡ್ ಹಾಮಿನೆಮ್ ದೋಷ ಅಲ್ಲ.

‘ಮರೆಯಲ್ಲಿ ಯಾಕೆ?’ ಎನ್ನುವುದು ಎರಡನೆಯ ಪ್ರಶ್ನೆ. ಅದಕ್ಕೂ ರುಮೆಯ ವಿಷಯವನ್ನೇ ಉತ್ತರವಾಗಿ ಕೊಟ್ಟರೆ ತಪ್ಪು ಇದೆ. ಅದರ ಹೆಸರು ಬೇರೆ, ‘ಇಗ್ನೊರೇಷಿಯೊ ಎಲೆಂಕೈ’. ಸಾಧಿಸಬೇಕಾದ್ದು ಒಂದು, ಸಾಧಿಸಿದ್ದು ಇನ್ನೊಂದು. ಕೇಳಿದ್ದು ರೀತಿಯ ಬಗ್ಗೆ, ಹೇಳಿದ್ದು ಕಾರಣದ ಬಗ್ಗೆ.

ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕೂತರೆ ಇನ್ನೂ ಮುಂದೆ ಹೋಗುತ್ತಾನೆ. ‘ನಾನು ಮೃಗವಾದರೆ ತಮ್ಮನ ಹೆಂಡತಿ ಎಂಬ ಮನುಷ್ಯಧರ್ಮ ನನಗೆ ಹೇಗೆ ಬಂತು? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆಯ ಕ್ರಮ ನನಗೆ ಹೇಗೆ ಬಂತು?’ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎನ್ನುವುದು ಅವನ ಪಟ್ಟು. ಈ ಪಟ್ಟಿನ ಲ್ಯಾಟಿನ್ ಹೆಸರು ಮುಂದೆ ಬರುತ್ತದೆ.

ರಾಮನ ಕಡೆಯವರಿಗೆ ದಾರಿ ಇದೆಯೇ? ಇದೆ, ಮತ್ತು ಇಲ್ಲೇ ನನಗೆ ಬಹಳ ಇಷ್ಟವಾದ ವಿಷಯ ಇರುವುದು. ವಾಲ್ಮೀಕಿಯಲ್ಲಿ ‘ನಾವು ಕಾಡಿನಲ್ಲಿ ತಿರುಗುವ ಮೃಗಗಳು, ಬೇರು ಹಣ್ಣು ತಿನ್ನುವವರು’ ಎಂದು ಮೊದಲು ಹೇಳಿದವನು ವಾಲಿಯೇ. ಆದ್ದರಿಂದ ರಾಮ ಹೀಗೆ ಹೇಳಬಹುದು: ‘ಮೃಗ ಎಂದವನು ನೀನು. ನಿನ್ನ ಮಾತನ್ನೇ ಒಪ್ಪಿದರೆ ಮರೆಯಲ್ಲಿ ಹೊಡೆದದ್ದಕ್ಕೆ ನೀನು ದೂರುವಂತಿಲ್ಲ.’ ಆಡ್ ಹಾಮಿನೆಮ್ ಪದಕ್ಕೆ ಹಳೆಯ ಅರ್ಥ ಇದೇ! ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1690ರ ತಮ್ಮ ಪ್ರಬಂಧದಲ್ಲಿ ಈ ಪದವನ್ನು ವಿವರಿಸಿದ್ದು ಹೀಗೆ: ಎದುರಿನವನು ತಾನೇ ಒಪ್ಪಿಕೊಂಡ ಮಾತಿನಿಂದ ಅವನನ್ನು ಕಟ್ಟಿಹಾಕುವುದು. ಅದು ಬೈಗುಳ ಅಲ್ಲ. ಅದರಿಂದ ಸತ್ಯ ಸಾಬೀತಾಗುವುದಿಲ್ಲ, ಎದುರಿನವನು ಸುಮ್ಮನಾಗಬೇಕಾಗುತ್ತದೆ ಅಷ್ಟೇ. ಹಳೆಯ ಪುಸ್ತಕ ಓದುವಾಗ ಈ ಅರ್ಥ ನೆನಪಿಡಿ. ಇಲ್ಲದಿದ್ದರೆ ಗೊಂದಲ ಆಗುತ್ತದೆ.

ಆಡ್ ಹಾಮಿನೆಮ್‌ನ ತಮ್ಮನೇ ‘ಟೂ ಕ್ವೋಕ್ವೆ’. ‘ನೀನೂ ಕೂಡ’ ಎಂದು ಅರ್ಥ. ಕರ್ಣಪರ್ವ ನೆನಪು ಮಾಡಿಕೊಳ್ಳಿ. ರಥದ ಚಕ್ರ ಹೂತುಹೋಗಿದೆ. ಕರ್ಣ ಧರ್ಮದ ಹೆಸರು ಹೇಳಿ ಸಮಯ ಕೇಳುತ್ತಾನೆ. ದ್ರೌಪದಿಯನ್ನು ಸಭೆಗೆ ಎಳೆದಾಗ, ಅಭಿಮನ್ಯುವನ್ನು ಸುತ್ತುವರಿದು ಕೊಂದಾಗ ನಿನ್ನ ಧರ್ಮ ಎಲ್ಲಿ ಹೋಗಿತ್ತು ಎಂದು ಕೃಷ್ಣ ಕೇಳುತ್ತಾನೆ. ಕೇಳುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಬಿಡಿಸಿ ನೋಡಿ. ಈ ಪ್ರಶ್ನೆಯಿಂದ ‘ರಥದಿಂದ ಇಳಿದವನಿಗೆ ಹೊಡೆಯುವುದು ಸರಿ’ ಎಂದು ಸಾಬೀತಾಯಿತೇ? ಇಲ್ಲ. ‘ಈ ನಿಯಮದ ರಕ್ಷಣೆ ಕೇಳುವ ಹಕ್ಕನ್ನು ನೀನು ಕಳೆದುಕೊಂಡಿದ್ದೀಯ’ ಎನ್ನುವುದು ಮಾತ್ರ ಸಿಕ್ಕಿತು. ಕೃಷ್ಣನಿಗೆ ಬೇಕಾದ್ದು ಅಷ್ಟೇ ಆಗಿದ್ದರೆ ಇದು ದೋಷವೇ ಅಲ್ಲ. ಟೂ ಕ್ವೋಕ್ವೆ ದೋಷ ಆಗುವುದು ‘ನೀನೂ ಮಾಡಿದ್ದೀಯ, ಆದ್ದರಿಂದ ನಾನು ಮಾಡಿದ್ದು ಸರಿ’ ಎಂದಾಗ. ನಾವು ಮನೆಯಲ್ಲಿ, ರಾಜಕೀಯದ ಮಾತಿನಲ್ಲಿ ದಿನಾ ಮಾಡುವುದು ಈ ಎರಡನೆಯದನ್ನು, ಅಲ್ವಾ?

ನಾನೇ ಒಮ್ಮೆ ಇದರಲ್ಲಿ ತಪ್ಪಿದ್ದೇನೆ. ಕಾಲೇಜಿನ ದಿನಗಳಲ್ಲಿ ಒಂದು ಚರ್ಚಾಸ್ಪರ್ಧೆ. ನಾನು ಒಂದು ಯೋಜನೆಯ ಪರವಾಗಿ ಒಂದು ವರದಿಯನ್ನು ಮುಂದಿಟ್ಟೆ. ಆ ವರದಿ ಬರೆದವರಿಗೇ ಯೋಜನೆಯಿಂದ ಲಾಭ ಇದೆ ಎಂದು ಎದುರು ತಂಡದ ಹುಡುಗಿ ಹೇಳಿದಳು. ನಾನು ‘ಇದು ಆಡ್ ಹಾಮಿನೆಮ್’ ಎಂದು ತಳ್ಳಿಹಾಕಿದೆ. ಆದರೆ ಅವಳ ಪ್ರಶ್ನೆ ನ್ಯಾಯವಾಗಿತ್ತು. ನಾನು ವರದಿಯೊಳಗಿನ ಕಾರಣಗಳನ್ನು ಹೇಳಿರಲಿಲ್ಲ, ‘ಇವರು ಹೇಳಿದ್ದಾರೆ, ನಂಬಿ’ ಎಂದಿದ್ದೆ. ನಂಬಿ ಎಂದ ಮೇಲೆ ಹೇಳಿದವರು ಯಾರು, ಅವರಿಗೇನು ಲಾಭ ಎಂದು ಕೇಳಲೇಬೇಕು. ಸಾಕ್ಷಿಯ ವಿಶ್ವಾಸಾರ್ಹತೆಯನ್ನು ಪ್ರಶ್ನಿಸುವುದು ಆಡ್ ಹಾಮಿನೆಮ್ ಅಲ್ಲ. ಅವಳಿಗೆ ಅನ್ಯಾಯ ಮಾಡಿದೆ ಎಂದು ಇವತ್ತಿಗೂ ಅನಿಸುತ್ತದೆ.

ಕಾರಣದ ಜಾಗದಲ್ಲಿ ಬೇರೇನನ್ನೋ ಇಡುವ ಇನ್ನು ಮೂರನ್ನು ಬೇಗ ಹೇಳಿಬಿಡುತ್ತೇನೆ. ‘ಆಡ್ ಪಾಪ್ಯುಲಮ್’: ಎಲ್ಲರೂ ಹೇಳುತ್ತಾರೆ, ಆದ್ದರಿಂದ ನಿಜ. ‘ಆಡ್ ಬ್ಯಾಕ್ಯುಲಮ್’: ಬ್ಯಾಕ್ಯುಲಮ್ ಎಂದರೆ ಕೋಲು, ಒಪ್ಪದಿದ್ದರೆ ಪೆಟ್ಟು ಎನ್ನುವ ದಾರಿ. ‘ಆಡ್ ಮಿಸೆರಿಕಾರ್ಡಿಯಮ್’: ಕಾರಣದ ಬದಲು ಕನಿಕರವನ್ನು ಮುಂದಿಡುವುದು.

ಹೆಜ್ಜೆ 4: ‘ಆಮೇಲೆ ಆಯಿತು’ ಎಂದರೆ ‘ಅದರಿಂದ ಆಯಿತು’ ಎಂದಲ್ಲ

ನಮ್ಮ ಪಕ್ಕದ ತೋಟದ ಅಣ್ಣ ಒಂದು ವರ್ಷ ಹೇಳಿದರು: ‘ಈ ಸಲ ಎರಡು ಸಲ ಮದ್ದು ಬಿಟ್ಟೆ ಮಾರಾಯ. ಕೊಳೆ ಬರಲೇ ಇಲ್ಲ. ಮದ್ದಿನಿಂದಲೇ ಅಡಿಕೆ ಉಳಿಯಿತು.’ ಕೊಳೆ ಎಂದರೆ ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗ. ಮದ್ದು ಎಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ.

ಅವರ ಮಾತನ್ನು ಬಿಡಿಸಿ. ಮೊದಲು ಮದ್ದು ಬಿಟ್ಟರು. ಆಮೇಲೆ ಕೊಳೆ ಬರಲಿಲ್ಲ. ಆದ್ದರಿಂದ ಮದ್ದೇ ಕಾರಣ. ಇದರ ಹೆಸರು ‘ಪೋಸ್ಟ್ ಹಾಕ್ ಎರ್ಗೊ ಪ್ರಾಪ್ಟರ್ ಹಾಕ್’. ‘ಇದಾದ ಮೇಲೆ, ಆದ್ದರಿಂದ ಇದರಿಂದ’ ಎಂದು ಪದಕ್ಕೆ ಪದ ಅರ್ಥ. ನಮ್ಮಲ್ಲಿ ಇದಕ್ಕೆ ಹತ್ತಿರದ ಚಂದದ ಪದ ಇದೆ: ಕಾಕತಾಳೀಯ. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು. ಎರಡು ಸಂಗತಿ ಒಂದರ ಹಿಂದೆ ಒಂದಲ್ಲದೆ ಒಟ್ಟೊಟ್ಟಿಗೆ ನಡೆದರೆ ‘ಪೋಸ್ಟ್’ ಬದಲು ‘ಕಮ್’ ಹಾಕಿ ‘ಕಮ್ ಹಾಕ್’ ಎನ್ನುತ್ತಾರೆ.

ಈಗ ಏನು ಕೇಳಬೇಕು? ಆ ವರ್ಷ ಮಳೆ ಹೇಗಿತ್ತು? ಬಿಡದೆ ಸುರಿಯಿತೇ, ನಡುನಡುವೆ ಬಿಸಿಲು ಬಂತೇ? ಮದ್ದು ಬಿಡದ ಪಕ್ಕದ ತೋಟದಲ್ಲಿ ಕೊಳೆ ಬಂತೇ? ಕೊಳೆ ತರುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ, ಅದು ಹಬ್ಬಲು ಬಿಡದ ಮಳೆ ಮತ್ತು ತೇವ ಬೇಕು. ಮಳೆಯೇ ಕಡಿಮೆಯಾಗಿದ್ದರೆ ಮದ್ದು ಇಲ್ಲದೆಯೂ ಅಡಿಕೆ ಉಳಿಯುತ್ತಿತ್ತೇನೋ. ಎರಡು ತೋಟ ಹೋಲಿಸುವಾಗ ಉಳಿದದ್ದೆಲ್ಲ ಒಂದೇ ಇರಬೇಕು: ಮಳೆ, ಮರದ ವಯಸ್ಸು, ನೆರಳು, ಬಸಿಗಾಲುವೆ. ‘ಉಳಿದದ್ದೆಲ್ಲ ಸಮಾನವಾಗಿದ್ದರೆ’ ಎನ್ನುವುದಕ್ಕೆ ಲ್ಯಾಟಿನ್‌ನಲ್ಲಿ ‘ಸೆಟೆರಿಸ್ ಪ್ಯಾರಿಬಸ್’ ಎನ್ನುತ್ತಾರೆ. ಅರ್ಥಶಾಸ್ತ್ರ ಓದಿದವರಿಗೆ ಗೊತ್ತು. ಬಂಗುಡೆಗೆ ಬೇಡಿಕೆ ಏರಿದರೆ ಬೆಲೆ ಏರುತ್ತದೆ, ಸೆಟೆರಿಸ್ ಪ್ಯಾರಿಬಸ್. ಅದೇ ದಿನ ದೋಣಿ ತುಂಬ ಬಂಗುಡೆ ಬಂದುಬಿಟ್ಟರೆ ಈ ಮಾತು ನಿಲ್ಲುವುದಿಲ್ಲ.

ಹಾಗಾದರೆ ಅಣ್ಣನ ತೀರ್ಮಾನ ಸುಳ್ಳೇ? ಅಲ್ಲ! ಬೋರ್ಡೋ ನಿಜವಾಗಿಯೂ ಕೊಳೆಯನ್ನು ತಡೆಯುತ್ತದೆ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೆಲಸದಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪಡಣೆಯನ್ನು ರೈತರಿಗೆ ಹೇಳಿಕೊಟ್ಟರು. ತಾಮ್ರದ ಅಂಶ ಆ ಜೀವಿಯನ್ನು ಬೆಳೆಯಲು ಬಿಡುವುದಿಲ್ಲ. ಅಣ್ಣನ ತೀರ್ಮಾನ ಸರಿ, ಅವರು ಕೊಟ್ಟ ಕಾರಣ ಸಾಲದು. ವಾದ ತಪ್ಪಾಗಿದೆ, ಆದ್ದರಿಂದ ತೀರ್ಮಾನವೂ ಸುಳ್ಳು ಎನ್ನುವುದೇ ಇನ್ನೊಂದು ದೋಷ. ಅದಕ್ಕೆ ‘ಆಡ್ ಲಾಜಿಕಮ್’ ಎಂಬ ಹೆಸರಿದೆ. ಹೊಸದಾಗಿ ಲ್ಯಾಟಿನ್ ಪದ ಕಲಿತವರು ಹೆಚ್ಚು ಬೀಳುವ ಹೊಂಡ ಇದು. ನಾನು ಅಣ್ಣನಿಗೆ ಲ್ಯಾಟಿನ್ ಹೇಳಲಿಲ್ಲ. ‘ಮದ್ದು ಬಿಡದ ತೋಟದಲ್ಲಿ ಹೇಗಿತ್ತು ಅಣ್ಣ?’ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಅದನ್ನು ನೋಡಬೇಕಿತ್ತು ಹೌದು’ ಎಂದರು.

ಹೆಜ್ಜೆ 5: ಸುತ್ತು ಹೊಡೆದು ಅಲ್ಲಿಗೇ ಬಂತೇ?

‘ಈ ಹೋಟೆಲಿನ ಗೋಳಿಬಜೆಯೇ ಊರಿಗೆ ಬೆಸ್ಟ್.’
‘ಹೇಗೆ ಹೇಳ್ತೀರಿ?’
‘ರುಚಿ ಗೊತ್ತಿದ್ದವರೆಲ್ಲ ಹಾಗೇ ಹೇಳುತ್ತಾರೆ.’
‘ರುಚಿ ಗೊತ್ತಿದ್ದವರು ಅಂದರೆ ಯಾರು ಮಾರಾಯ್ರೆ?’
‘ಇಲ್ಲಿಯ ಗೋಳಿಬಜೆಯೇ ಬೆಸ್ಟ್ ಎಂದು ಗೊತ್ತಿದ್ದವರು.’

ಇದು ‘ಪೆಟಿಷಿಯೊ ಪ್ರಿನ್ಸಿಪಿಯೈ’. ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಳ್ಳಿ ಎಂದು ಕೇಳುವುದು. ಮೂಲ ಗ್ರೀಕಿನದು. ಅರಿಸ್ಟಾಟಲ್ ತನ್ನ 13 ದೋಷಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದ, ಆಮೇಲೆ ಲ್ಯಾಟಿನ್‌ಗೆ ಬಂತು. ನಮ್ಮಲ್ಲಿ ಒಂದು ಮಾತು ಇನ್ನೊಂದನ್ನು, ಆ ಇನ್ನೊಂದು ಮೊದಲನೆಯದನ್ನೇ ಹಿಡಿದು ನಿಂತರೆ ಅನ್ಯೋನ್ಯಾಶ್ರಯ ಎನ್ನುತ್ತೇವೆ. ಗೋಳಿಬಜೆಯಲ್ಲಿ ಸುತ್ತು ಬೇಗ ಕಾಣುತ್ತದೆ. ಉದ್ದದ ಭಾಷಣದಲ್ಲಿ ನಡುವೆ ಹತ್ತು ನಿಮಿಷ ಇರುತ್ತದೆ, ಮೊದಲ ಮಾತು ಮರೆತುಹೋಗಿರುತ್ತದೆ. ಅದಕ್ಕೇ ಕಾಗದದಲ್ಲಿ ಬರೆದುಕೊಳ್ಳಿ. ಪ್ರತಿ ಕಾರಣದ ಕೆಳಗೆ ಅದರ ಕಾರಣ. ಯಾವುದಾದರೂ ಒಂದು ಸಾಲು ಎರಡು ಸಲ ಬಂದರೆ ಸುತ್ತು ಸಿಕ್ಕಿತು.

ಹೆಜ್ಜೆ 6: ಭಾರ ಯಾರ ಮೇಲೆ?

ಹೇಳಿದವರೇ ಸಾಬೀತು ಮಾಡಬೇಕು. ಈ ಹೊಣೆಗೆ ‘ಓನಸ್ ಪ್ರೊಬ್ಯಾಂಡಿ’ ಎಂದು ಹೆಸರು. ‘ಇಲ್ಲ ಎಂದು ನೀನು ತೋರಿಸಲಿಲ್ಲ, ಆದ್ದರಿಂದ ಇದೆ’ ಎನ್ನುವುದು ‘ಆಡ್ ಇಗ್ನೊರಾನ್ಷಿಯಮ್’. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

‘ಆಡ್ ವೆರೆಕುಂಡಿಯಮ್’ ಬಗ್ಗೆ ಹೇಳಬೇಕು. ಇದನ್ನು ಸಾಮಾನ್ಯವಾಗಿ ‘ದೊಡ್ಡವರ ಹೆಸರು ಹೇಳಿ ವಾದಿಸುವುದು’ ಎಂದು ಅನುವಾದಿಸುತ್ತಾರೆ. ಆದರೆ ವೆರೆಕುಂಡಿಯ ಎಂದರೆ ಅಧಿಕಾರ ಅಲ್ಲ. ಸಂಕೋಚ, ನಾಚಿಕೆ. ಲಾಕ್ ಹೇಳಿದ್ದೂ ಇದನ್ನೇ: ದೊಡ್ಡ ಹೆಸರು ಎದುರಿಟ್ಟರೆ ಕೇಳುವವನಿಗೆ ಎದುರಾಡಲು ಸಂಕೋಚ ಆಗುತ್ತದೆ, ಆ ಸಂಕೋಚವನ್ನೇ ಬಳಸಿಕೊಳ್ಳುವುದು. ನಮ್ಮ ಮನೆಗಳಲ್ಲಿ ಇದು ಎಷ್ಟು ಸರಿಯಾಗಿ ಹೊಂದುತ್ತದೆ! ‘ಅಜ್ಜ ಹೇಳಿದ ಮೇಲೆ ಮುಗಿಯಿತು.’ ಅಜ್ಜನಿಗೆ ಗೊತ್ತಿರುವ ವಿಷಯದಲ್ಲಿ ಅಜ್ಜನನ್ನು ಕೇಳುವುದು ದೋಷ ಅಲ್ಲ. ಗದ್ದೆಯ ನೀರಿನ ಬಗ್ಗೆ ಅವರ ಮಾತಿಗೆ ಬೆಲೆ ಇದೆ, ಯಾಕೆಂದರೆ ಅವರು ಐವತ್ತು ಮಳೆಗಾಲ ನೋಡಿದ್ದಾರೆ. ಮೊಮ್ಮಗಳು ಯಾವ ಕೋರ್ಸು ಓದಬೇಕು ಎನ್ನುವಲ್ಲಿ ಅದೇ ತೂಕ ಇರುವುದಿಲ್ಲ. ಹಿರಿಯರಿಗೆ ಗೌರವ ಕೊಡುತ್ತಲೇ ‘ಅವರು ಹಾಗೆ ಹೇಳಲು ಕಾರಣ ಏನು?’ ಎಂದು ಕೇಳಬಹುದು. ಕೇಳಬೇಕು.

ಹೆಜ್ಜೆ 7: ಒಪ್ಪಿಕೊಂಡು ಮುಂದೆ ನಡೆಯಿರಿ

ಇದು ದೋಷ ಅಲ್ಲ, ಉಪಾಯ. ‘ರಿಡಕ್ಟಿಯೊ ಆಡ್ ಅಬ್ಸರ್ಡಮ್’: ಎದುರಿನವರ ಮಾತನ್ನು ಒಪ್ಪಿ, ಅದರಿಂದ ಏನೇನು ಬರುತ್ತದೆ ಎಂದು ನಡೆದು, ನಿಲ್ಲಲಾರದ ಜಾಗಕ್ಕೆ ಮುಟ್ಟಿಸುವುದು. ‘ನಾನು ಮೃಗವಾದರೆ...’ ಎಂದು ವಾಲಿ ಹಾಕಿದ ಪಟ್ಟು ಇದೇ. ಹೊಗೆ ಇದ್ದರೂ ಬೆಂಕಿ ಇಲ್ಲ ಎನ್ನುವವನಿಗೆ ‘ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರಬಾರದಿತ್ತು’ ಎಂದು ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದ ಪಂಡಿತರು, ತೋರಿಸುತ್ತಾರೆ. ಅವರು ‘ತರ್ಕ’ ಎಂದು ಕರೆಯುವುದು ನಿರ್ದಿಷ್ಟವಾಗಿ ಈ ನಡೆಯನ್ನೇ.

ಮಾಡುವ ಕ್ರಮ ಹೀಗೆ. ಒಬ್ಬರು ಹೇಳಿದರು: ‘ಕೊಟ್ಟ ಮಾತನ್ನು ಯಾವ ಸಂದರ್ಭದಲ್ಲೂ ಮುರಿಯಬಾರದು.’ ಸರಿ ಎನ್ನಿ. ಒಬ್ಬನಿಗೆ ಐದು ಗಂಟೆಗೆ ಮಲ್ಪೆಯಲ್ಲಿ ಸಿಗುತ್ತೇನೆ ಎಂದಿದ್ದೀರಿ. ಮರೆತು ಇನ್ನೊಬ್ಬನಿಗೆ ಅದೇ ಹೊತ್ತಿಗೆ ಮಂಗಳೂರಿನಲ್ಲಿ ಎಂದಿದ್ದೀರಿ. ನಿಯಮದ ಪ್ರಕಾರ ಎರಡೂ ಕಡೆ ಇರಬೇಕು. ಸಾಧ್ಯವಿಲ್ಲ. ಆದ್ದರಿಂದ ‘ಯಾವ ಸಂದರ್ಭದಲ್ಲೂ’ ಎನ್ನುವುದು ನಿಲ್ಲುವುದಿಲ್ಲ. ಗಮನಿಸಿ, ಬಿದ್ದದ್ದು ಆ ಎರಡು ಪದ ಮಾತ್ರ. ಮಾತು ಉಳಿಸಿಕೊಳ್ಳಬೇಕು ಎನ್ನುವುದು ಬೀಳಲಿಲ್ಲ. ಎದುರಿನವರು ಹೇಳದ ಮಾತನ್ನು ಅವರ ಬಾಯಿಗೆ ಹಾಕಿ ಕೊನೆಗೆ ಮುಟ್ಟಿಸಿದರೆ ಅದು ರಿಡಕ್ಟಿಯೊ ಅಲ್ಲ. ಪ್ರತಿ ಹೆಜ್ಜೆಯಲ್ಲೂ ‘ಇದನ್ನು ಒಪ್ಪುತ್ತೀರಾ?’ ಎಂದು ಕೇಳಿಯೇ ಮುಂದೆ ಹೋಗಿ.

ಹೆಜ್ಜೆ 8: ಹೆಸರನ್ನು ಯಾವಾಗ ಹೇಳಬೇಕು?

ದೋಷವನ್ನು ಒಂದು ವಾಕ್ಯದ ಕನ್ನಡದಲ್ಲಿ ಹೇಳಿದ ಮೇಲೆ. ‘ಮದ್ದು ಮೊದಲು ಬಿಟ್ಟದ್ದು ಸರಿ, ಆದರೆ ಮಳೆ ಕಡಿಮೆ ಇದ್ದದ್ದೂ ಕಾರಣ ಆಗಿರಬಹುದು. ಇದು ಪೋಸ್ಟ್ ಹಾಕ್ ದೋಷ.’ ಮೊದಲ ವಾಕ್ಯ ಇಲ್ಲದೆ ಎರಡನೆಯದನ್ನು ಹೇಳಬೇಡಿ. ಬರವಣಿಗೆಯಲ್ಲಾದರೆ ಪದ ಮೊದಲ ಸಲ ಬಂದಾಗ ಅರ್ಥ ಕೊಡಿ. ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ಹೆಸರೇ ಬೇಡ, ಪ್ರಶ್ನೆ ಸಾಕು.

ಅಭ್ಯಾಸಕ್ಕೆ ನನ್ನ ವಿದ್ಯಾರ್ಥಿಗಳಿಗೆ ಕೊಡುವ ಕೆಲಸವನ್ನೇ ನಿಮಗೂ ಕೊಡುತ್ತೇನೆ. ಈ ಮಳೆಗಾಲ ಒಂದು ತಾಳಮದ್ದಳೆಗೆ ಹೋಗಿ. ಕೃಷ್ಣ ಸಂಧಾನ ಆದರೆ ತುಂಬ ಒಳ್ಳೆಯದು. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೃಷ್ಣನ ಮಾತು, ಬಲಕ್ಕೆ ಕೌರವನದು. ಪ್ರತಿ ‘ಆದ್ದರಿಂದ’ದ ಕೆಳಗೆ ಗೆರೆ ಹಾಕಿ. ಮನೆಗೆ ಬಂದು, ಸಡಿಲ ಕಂಡ ಪ್ರತಿ ಗೆರೆಯ ಪಕ್ಕ ಯಾಕೆ ಸಡಿಲ ಎಂದು ಕನ್ನಡದಲ್ಲಿ ಬರೆಯಿರಿ. ಲ್ಯಾಟಿನ್ ಹೆಸರನ್ನು ಮಾರನೆಯ ದಿನ ತುಂಬಿ. ಕೆಲವಕ್ಕೆ ಯಾವ ಹೆಸರೂ ಸಿಗುವುದಿಲ್ಲ. ಅವನ್ನು ಹಾಗೇ ಕನ್ನಡದಲ್ಲೇ ಬಿಡಿ.